ನಿಶಾತ ಎಣಿಸಿದ ಇಪ್ಪತ್ತು

ನಮ್ಮ ಓಣಿ ನಿಶಾತಗ ಆಗಿದ್ದು ಇದು. ಗದಗ ಬ್ಯಾರೆ ಜಿಲ್ಲಾ ಆಗಿ ಹನ್ನೆರಡು-ಹದಿಮೂರು ವರ್ಷ ಆಗಿರಬೇಕು. ಏಪ್ರಿಲ್ ತಿಂಗಳ. ರಾತ್ರಿ ಹತ್ತೂವರಿ. ಬೆಟಗೇರ್ಯಾಗ ಸೇದೂ ಬಾವಿ ಬಾಜೂಕ ಆಕಿ ಒಬ್ಬಾಕೀನ ಮನಿಗೆ ಹೊಂಟಿದ್ದಳು...

"ಸುಂಯ್ಯ್..."

ಆ ಸಪ್ಪಳ ಆಕೀಗೆ ಗೊತ್ತಿತ್ತು. ದ್ರವ ನೈಟ್ರೋಜನ್ ಸುರುವಿದಾಗ ಹಂಗ ಆಗತೈತಿ. ದಿನಾ ಕೇಳತಿದ್ದಳು. ಆದ್ರ ಪ್ರಯೋಗಶಾಲ್ಯಾಗ. ಬಾವ್ಯಾಗ ಅಲ್ಲ.

ಇಲಿ ಭ್ರೂಣ ಹೆಪ್ಪುಗಟ್ಟಿಸಿ ಇಡೂದು, ಆಮ್ಯಾಲ ಕರಗಿಸಿ ಎಷ್ಟು ಬದುಕ್ಯಾವ ನೋಡೂದು. ಅದು ಆಕೀ ಕೆಲಸ. ಉಸುಕಿನ ಕಾಳಿಗಿಂತ ಸಣ್ಣ ಜೀವ. ಅವನ್ನ ನೈಟ್ರೋಜನ್‌ನ್ಯಾಗ ಇಳಿಸಾಕ ನಿಶಾತ ಸಣ್ಣ ಪ್ಲಾಸ್ಟಿಕ್ ನಳಿಕಿ ಬಳಸತಿದ್ದಳು. ಆರು ವರ್ಷ ಪಳಗಿದ ಕೈ. ಆಮ್ಯಾಲ ಅದ ಕೆಲಸಕ್ಕ ಮುಂಡರಗಿ ಶೀತಲ್ ಬಂದಳು, ತೆಳ್ಳನ್ನ ಪಟ್ಟಿ ತಂದಳು. ತುದಿಗೆ ಭ್ರೂಣ ಇರೂ ಒಂದು ಹನಿ ಇಟ್ಟು ಅದ್ದಿದ್ರ ಆತು. ನಳಿಕ್ಯಾಗ ನೂರಕ್ಕ ಎಪ್ಪತ್ತು ಉಳದ್ರ, ಪಟ್ಟೀ ಮ್ಯಾಲ ತೊಂಬತ್ತು.

"ಶೀತಲ್ ಕೈಯಾಗ ಏನೋ ಐತಿ ನೋಡ್ರಿ" ಅಂದ್ರು ಪ್ರಯೋಗಶಾಲಿ ಮುಖ್ಯಸ್ಥ ಪುಂಡಲೀಕಪ್ಪ ಸರ್. ಎಲ್ಲಾರ ಮುಂದ. ಆರು ವರ್ಷದಾಗ ನಿಶಾತಗ ಆ ಮಾತು ಒಮ್ಮೀನೂ ಬಂದಿರಲಿಲ್ಲ. ಎದೀಯಾಗ ಕೆಂಡ ಇಟ್ಟಂಗಾತು.

ನಳಿಕಿ ಹೆಚ್ಚೋ ಪಟ್ಟಿ ಹೆಚ್ಚೋ, ಕಡೀ ಹೋಲಿಕಿ ಮರುದಿನ ಇತ್ತು. ಆ ಮಾತು ಬಂದ ದಿನಾನ ಸಂಜೀಕ ಶೀತಲ್ ಜಲ್ದಿ ಊರಿಗೆ ಹೋಗಿದ್ದಳು. ನಿಶಾತ ಆಕೀ ಪಟ್ಟಿಗಳನ್ನ ನೈಟ್ರೋಜನ್‌ನಿಂದ ಮ್ಯಾಲೆತ್ತಿ ಗಾಳ್ಯಾಗ ಹಿಡದಳು. ಇಪ್ಪತ್ತು ಎಣಿಸಿದಳು. ಮತ್ತ ಇಳಿಸಿದಳು. ಗಾಳೀಗೆ ಕರಗಿ ಮತ್ತ ಹೆಪ್ಪುಗಟ್ಟಾಕ ಅಷ್ಟ ಸಾಕು, ಒಂದೂ ಬದಕೂದಿಲ್ಲ. ಯಾರೂ ನೋಡಲಿಲ್ಲ.

ಈಗ, ಅದ ರಾತ್ರಿ, ಬಾವ್ಯಾಗಿಂದ ಬಿಳೀ ಹೊಗಿ ಏಳಾಕತ್ತಿತ್ತು. ಒಳಗ ಪಿಸುದನಿ...

"ಒಂದು... ಎರಡು... ಮೂರು..."

ಶೀತಲ್ ದನಿ.

"ಯಾ... ಯಾರು?"

"ಹದಿನೆಂಟು... ಹತ್ತೊಂಬತ್ತು..." ದನಿ ನಿಂತಿತು. ಬಾವಿ ಮ್ಯಾಲಿನ ಗಾಲಿ ಕಿರ್ರ್ ಅಂತು. ಅದಕ್ಕ ಹಗ್ಗಾನ ಇರಲಿಲ್ಲ. "ಮುಂದಿಂದು ನೀ ಹೇಳ."

ನಿಶಾತ ಓಡಿದಳು. ಮನಿ ಮುಟ್ಟಿದ್ದ ಮುಂಡರಗಿಗೆ ಫೋನ್ ಹಚ್ಚಿದಳು. ಶೀತಲ್‌ಳ ಅವ್ವ ಗದಿಗೆವ್ವ ಎತ್ತಿದಳು.

"ಅರ್ಧ ತಾಸಾತವಾ, ನಡಗಾಕತ್ತಾಳ. ಇಂಥಾ ಬ್ಯಾಸಗಿ ಶಕಿಯಾಗ ನಾಕ ಕೌದಿ ಹೊಚ್ಚೀನಿ. ಏನೋ ಎಣಸತಾಳ... ಹತ್ತೊಂಬತ್ತಕ್ಕ ನಿಂದ್ರತಾಳ."

"ಫೋನ್ ಆಕೀ ಕಿವೀಗೆ ಹಿಡೀರಿ."

ಹಲ್ಲು ಕಟಕಟ ಕಡಿಯೂ ಸಪ್ಪಳ.

"ಶೀತಲ್... ನಿನ್ನ ಪಟ್ಟಿ ನಾನ ಹಾಳ ಮಾಡೀನಿ."

ಕಟಕಟ ನಿಂತಿತು.

"ಯಾಕ?"

"ಹೊಟ್ಟಿಕಿಚ್ಚಿಗೆ."

ಶೀತಲ್ ಅವ್ವಗ ಅಂದಳು, "ಅವ್ವಾ, ಕೌದಿ ತಗಿ. ಶಕಿ ಆಗಾಕತ್ತೇತಿ."

ಮರುದಿನ ನಿಶಾತ ಸರ್ ಮುಂದೂ ಒಪ್ಪಿಕೊಂಡಳು. ನೌಕರಿ ಹೋತು. ಶೀತಲ್ ಹೊಸಾ ಪಟ್ಟಿ ಮಾಡಿ ನೂರಕ್ಕ ತೊಂಬತ್ತೆರಡು ಉಳಿಸಿದಳು. ನಿಶಾತ ಈಗ ಲಕ್ಷ್ಮೇಶ್ವರದಾಗ ಹುಡುಗರಿಗೆ ಕಲಸೂ ಶಾಲಿ ಬಾಯಾರು. "ಆಕೀ ಹೆಸರು ಕೇಳಿದ್ರ ಈಗೂ ಉರೀತೈತ್ರಿ" ಅಂತಾಳ. ಮುಚ್ಚಿಡೂದಿಲ್ಲ.

ಇನ್ನೊಂದು ಹೇಳೂದೈತಿ. ಆ ರಾತ್ರಿ ಕಳದ ನಸುಕಿನ್ಯಾಗ ನಮ್ಮ ಓಣಿ ಮಂಜವ್ವ ತನ್ನ ಹಗ್ಗ ಕಟ್ಟಿ ಆ ಬಾವ್ಯಾಗ ಕೊಡ ಬಿಟ್ಟಳು. ಮುಳಗಲಿಲ್ಲ. "ಠಣ್" ಅಂತು. ನೀರಿನ ಮ್ಯಾಲ ಬೆರಳ ದಪ್ಪ ಬರ್ಫ. ನಗಬ್ಯಾಡ್ರಿ... ಮಂಜವ್ವ ಇನ್ನೂ ಅದಾಳ. ಆ ಕೊಡದ ತಳ ನೆಗ್ಗಿದ್ದು ನಾನ ಕೈಯಿಂದ ಮುಟ್ಟಿ ನೋಡೀನಿ.