ಕಸೂತಿ ಯಂತ್ರದ ಹಳೆಯ ಕಂಪ್ಯೂಟರು

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಒಬ್ಬ ಅತ್ತಿಗೆ, ಅವರ ನಾದಿನಿ ಕುಳಿತಿದ್ದರು. ಅವರ ಕಸೂತಿ ಯಂತ್ರವನ್ನು ನಡೆಸುವ ಹಳೆಯ ಕಂಪ್ಯೂಟರು ಒಳಗೆ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿತ್ತು.

“ನಾನು ಸೊಸೆಯಾಗಿ ಬಂದ ವರ್ಷ ತಂದಿದ್ದು ಕಣೇ. ಒಂದಿನಾನೂ ಕೆಮ್ಮಿರಲಿಲ್ಲ.”

“ನೆಟ್ ಇರಲಿಲ್ಲ, ಅದಕ್ಕೇ ಆರಾಮಾಗಿತ್ತು ಅತ್ತಿಗೆ.”

“ಗೊತ್ತಿದ್ದೂ ಅದಕ್ಕೆ ನೆಟ್ ಕೊಟ್ಯಲ್ಲ?”

“ಹಾಡು ಕೇಳೋಣ ಅಂತ ಕೊಟ್ಟೆ. ಅಪ್‌ಡೇಟ್ ಮಾಡ್ಲಾ ಅಂತ ಅದೇ ಕೇಳ್ತು. ಪಾಪ, ಇಷ್ಟು ಮರ್ಯಾದೆಯಿಂದ ಕೇಳ್ತಿದೆ ಅಂತ ಹೂಂ ಅಂದೆ.”

“ಈಗ ಯಂತ್ರದ ಗುರುತೇ ಸಿಗ್ತಿಲ್ಲ ಅದಕ್ಕೆ. ನಾಳೆ ಆಸ್ಪತ್ರೆಯವರು ಬಂದ್ರೆ ಹೆಸರು ಹೊಲಿಯದೆ ಡಾಕ್ಟರ ಕೋಟು ಹಾಗೇ ಕೊಟ್ಟು ಕಳಿಸ್ಲಾ?”

“ಬೈದುಬಿಡಿ ಅತ್ತಿಗೆ. ನೀವು ಮೆತ್ತಗೆ ಮಾತಾಡಿದ್ರೇ ಭಯ.”

ನಾನು ನನ್ನ ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡೆ.

ರಿಪೇರಿಯವನು ಹೊರಗೆ ಬಂದ. “ಅಮ್ಮಾ, ಹಳೇ ಸಿಸ್ಟಮ್ಮೇ ವಾಪಸ್ ಹಾಕ್ಲಾ? ಇಲ್ಲಾ ಹೊಸದಕ್ಕೇ ಯಂತ್ರಾನ ಹೊಂದಿಸ್ಲಾ? ಎರಡೂ ಆಗುತ್ತೆ, ಸಂಜೆಗೆ ಕೊಡ್ತೀನಿ.”

“ಹಳೇ ಗಂಡನ ಪಾದವೇ ಗತಿ, ಹಳೇದೇ ಹಾಕಿಸಿ ಅತ್ತಿಗೆ,” ಎಂದಳು ನಾದಿನಿ.

“ತಡಿಯೇ. ಏನಪ್ಪಾ, ಹಳೇದು ಮತ್ತೆ ಕೆಟ್ರೆ ಸರಿ ಮಾಡೋರು ಇದ್ದಾರಾ?”

“ನನ್ನ ಬಿಟ್ರೆ ಕಷ್ಟ ಅಮ್ಮ. ನಾನಾದ್ರೂ ಎಷ್ಟು ವರ್ಷ ಇರ್ತೀನಿ ಇಲ್ಲಿ?”

ಅತ್ತಿಗೆ ನಾದಿನಿಯ ಕಡೆ ತಿರುಗಿದರು. “ಹೊಸದು ಕೆಟ್ರೆ ನಿನಗೆ ಸರಿ ಮಾಡೋಕೆ ಬರುತ್ತಾ?”

“ಸುಮಾರಾಗಿ ಬರುತ್ತೆ.”

“ಹಾಗಾದ್ರೆ ಹೊಸದೇ ಇರಲಪ್ಪ. ನನ್ನ ಕಣ್ಣು ಮಂಜಾಗ್ತಿದೆ, ಇನ್ಮೇಲೆ ಯಂತ್ರ ನಡೆಸೋಳು ಇವಳೇ.”

ನಾದಿನಿ ಅಂಗೈಯಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅತ್ತಿಗೆ ಮೆಟ್ಟಿಲಿಳಿದಾಗಿತ್ತು.

“ಬಾರೇ, ಸಂಜೆವರೆಗೂ ಇಲ್ಲೇ ಕಣ್ಣೀರು ಹಾಕ್ತಾ ಕೂತಿರ್ತೀಯಾ?”