ಒರೆಸಿದ್ರೂ ಬಂದ ಕೆಂಪು ಗೆರೆ

…ಸುಣ್ಣ ಬಳಿದ್ಬುಟ್ರೆ ಗೋಡೆ ಬಿರುಕು ಓಗ್ಬುಡ್ತದೇನ್ಲಾ? ಆ ಬ್ರಶ್ಶು ಕೆಳಗಿಡು, ಬಾ ಇಲ್ಲಿ, ಕೂತ್ಕೊ. ನಿಮ್ ತಾತ ತೀರ್ಕೊಂಡ ವರ್ಸ ನಾನು ಪಾಂಡವಪುರದ ತಾವ ಟ್ಯಾಂಕು ಮಾಡೋ ಶೆಡ್ಡಿಗೆ ಕೆಲ್ಸಕ್ಕೆ ಸೇರ್ಕೊಂಡಿದ್ನಲ್ಲ, ಅಲ್ಲಿ ಗುಡ್ಸೋದು, ಒರ್ಸೋದು ನನ್ ಕೆಲ್ಸ. ಆವಿ ತುಂಬೋ ಟ್ಯಾಂಕು ಕಣಪ್ಪ ಅವು. ಎರಡೂ ತುದೀಗೆ ಬೋಗುಣಿ ಬೋರಲಾಕ್ದಂಗೆ ದಪ್ಪ ಉಕ್ಕಿನ ಮುಚ್ಚಳ ಇರ್ತದೆ, ಒತ್ತಿ ಬಗ್ಗಿಸಿರೋದು, ಡಿಶ್ಶು ಅನ್ನೋರು. ಒಸಾ ಡಿಶ್ಶು ಬಂದ್ರೆ ಶುಕ್ರವಾರದ ದಿನ ನಾನು ನಡುಮಧ್ಯಕ್ಕೆ ಕುಂಕುಮ ಇಟ್ಟು ಕೈ ಮುಗೀತಿದ್ದೆ. ಬೈಯೋರು. ಬೈದ್ರೂ ಇಡ್ತಿದ್ದೆ.

ಆವತ್ತು ಸೋಮವಾರ, ಅಲ್ಲಲ್ಲ, ಶುಕ್ರವಾರ, ಕುಂಕುಮ ಇಟ್ಟಿದ್ನಲ್ಲ. ಸಿಂಧಘಟ್ಟದ ಅಕ್ಕಿ ಮಿಲ್ಲಿಗೆ ಓಗೋ ಟ್ಯಾಂಕು. ಅಲ್ಲಿ ಅದ್ನ ನೋಡ್ಕೊಳ್ಳೋನು ಯಾರು? ನಮ್ ಚೆಲುವ, ನನ್ ತಮ್ಮ. ದಿನವೆಲ್ಲ ಅದ್ರ ಮಗ್ಗುಲಲ್ಲೇ ನಿಂತಿರ್ಬೇಕಾದೋನು. ಡಿಶ್ಶಿಗೆ ಕೆಂಪು ಬಣ್ಣ ಬಳ್ದು, ಒಸಿ ಒತ್ತು ಬುಟ್ಟು, ಚೆನ್ನಾಗಿ ಒರ್ಸಿ, ಮೇಲೆ ಬಿಳಿ ಪೌಡ್ರು ಊದ್ತಾರೆ. ಬಿರುಕಿದ್ರೆ ಒಳಗೆ ಕೂತಿರೋ ಕೆಂಪು ಎದ್ದು ಬತ್ತದೆ, ಗೊತ್ತಾಯ್ತಾ? ಬಂತು. ಕೂದಲೆಳೆಯಷ್ಟು ಗೆರೆ. ಸೂಪರ್‌ವೈಸರ್ರು ನೋಡಿ, "ಏನಮ್ಮ ಜಯಮ್ಮ, ನಿನ್ ಕುಂಕುಮ ಇಳ್ದು ಬಂದದೆ ನೋಡು! ಒರ್ಸು ಒರ್ಸು, ಮಧ್ಯಾನಕ್ಕೆ ಲಾರಿ ಬತ್ತದೆ" ಅಂದ್ರು. ನಂಗೂ ಭಯ, ಕೆಲ್ಸದಿಂದ ತೆಗೆದ್ಬುಟ್ರೆ ಅಂತ. ಒರೆಸ್ಬುಟ್ಟೆ. ಒರೆಸ್ಬುಟ್ಟೆ ಕಣ್ಲಾ, ಈ ಕೈಯ್ಯಾಗೆ.

ಬಟ್ಟೆ ಇಂಡ್ತಾ ಇದ್ದೆ, ಆಗ ಒಳೀತು. ನಾನಿಟ್ಟಿದ್ದು ನಡುಮಧ್ಯಕ್ಕೆ, ಗೆರೆ ಇದ್ದದ್ದು ಅಂಚು ಬಗ್ಗಿರೋ ತಾವ! ಓಡೋಗಿ ನಾನೇ ಪೌಡ್ರು ಊದ್ದೆ, ನೋಡ್ತಾ ನಿಂತೆ. ಒಂದ್ ಚುಕ್ಕಿ. ಇನ್ನೊಂದ್ ಚುಕ್ಕಿ. ಮತ್ತೆ ಅದೇ ಗೆರೆ. "ಸಾರ್, ಇದು ಕುಂಕುಮ ಅಲ್ಲ." "ಬಾಯ್ ಮುಚ್ಕೊಂಡಿರು, ಮೇಲೊಂದು ವೆಲ್ಡಿಂಗ್ ಎಳ್ದುಬುಟ್ರೆ ಆಯ್ತು." "ಸಾರ್, ಅದ್ರ ಮಗ್ಗುಲಲ್ಲಿ ನನ್ ತಮ್ಮ ನಿಂತ್ಕೊಬೇಕು. ಒಂದ್ ದಿನ ನೀವು ನಿಂತ್ಕೊತೀರಾ?" ಅಂದೇಬುಟ್ಟೆ.

ತಪಾಸಣೆಗೆ ಬಂದಿದ್ದ ಇಂಜಿನಿಯರ್ರು ಆಫೀಸ್ನಲ್ಲಿ ಟೀ ಕುಡೀತಿದ್ರು, ನನ್ ಕೂಗಾಟ ಕೇಳಿ ಲೋಟ ಇಡ್ಕೊಂಡೇ ಬಂದ್ರು. ಗೆರೆ ನೋಡುದ್ರು. "ಬಿರುಕಿನ ಮೇಲೆ ವೆಲ್ಡಿಂಗ್ ಎಳುದ್ರೆ ಬಿರುಕು ಒಳಗೇ ಇರ್ತದಲ್ರೀ! ಮೊದ್ಲು ಉಜ್ಜಿ ಪೂರ್ತಿ ತೆಗೀರಿ" ಅಂದ್ರು. ಮಿಶಿನ್ನಲ್ಲಿ ಉಜ್ಜುದ್ರು, ಮತ್ತೆ ಬಣ್ಣ ಬಳುದ್ರು, ಪೌಡ್ರು ಊದುದ್ರು, ಗೆರೆ ಬಂತು. ಇನ್ನೊಂಚೂರು ಉಜ್ಜುದ್ರು, ಬಂತು. ಮೂರ್ನೇ ಸಲ ಇನ್ನೂ ಉದ್ದ ಬಂತು! ಇಂಜಿನಿಯರ್ರು ದಪ್ಪ ಅಳೆದು, "ಉಕ್ಕು ತೆಳ್ಳಗಾಗೋಯ್ತು, ಇನ್ ಉಜ್ಜಂಗಿಲ್ಲ, ಇದು ಬ್ಯಾಡ, ಬೇರೆ ಡಿಶ್ಶು ತರಿಸಿ" ಅಂದ್ರು. ಬಂದ ಲಾರಿ ಬರಿಗೈಲಿ ವಾಪಸ್ ಓಯ್ತು.

ಸಾಯಂಕಾಲ ಚೆಲುವ ಫೋನ್ ಮಾಡ್ದ. "ಏನಕ್ಕ, ಟ್ಯಾಂಕು ಬರ್ನಿಲ್ಲ, ನಿನ್ನಿಂದ ನಮ್ ಮಿಲ್ಲೇ ನಿಂತೋಯ್ತು!" ಅಂತ ಬಾಯಿಗ್ ಬಂದಂಗೆ ಬೈದ. ನಂಗೆ ಅಳು ಬಂದ್ಬುಡ್ತು. "ಬಯ್ಯಪ್ಪ, ಬಯ್ಯಕ್ಕೆ ನೀನಿದ್ದೀಯಲ್ಲ, ಅಷ್ಟು ಸಾಕು" ಅಂದೆ.

ಓಗ್ಲಾ ಮಗ. ಮೊದ್ಲು ಆ ಬಿರುಕು ಕೆತ್ತಿ ಎಲ್ಲೀಗಂಟ ಓಗಿದೆ ನೋಡು, ಆಮೇಲೆ ಬಳಿ ಸುಣ್ಣ.