ನೀಲಿ ಕ್ಲಿಪ್ಪು ಕಳೆದುಹೋದ ಕಥೆ

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ತಮ್ಮನ ಕೆನ್ನೆ ಬನ್ನಿನಂತೆ ಊದಿತ್ತು. ಆದರೂ ಬಾಯಿಗೆ ಬಿಡುವಿರಲಿಲ್ಲ.

"ಅಕ್ಕಾ, ನನ್ನ ಮಗಳ ಜೊತೆ ಅದೇನೋ ವಿಡಿಯೊ ಮಾಡಿದ್ಯಂತೆ?"

"ಹೂಂ. ನಾವೆಲ್ಲ ಸುತ್ತಾಡೋಕೆ ಹೋದ ಜಾಗಗಳ ಕಥೆ. ಮೇಜಿನ ಮೇಲೆ ಕೊತ್ತಂಬರಿ ಕಟ್ಟು ನಿಲ್ಲಿಸಿ ಕಾಡು ಮಾಡಿದ್ವಿ. ಬಟ್ಟೆ ಕ್ಲಿಪ್ಪುಗಳೇ ನಾವು. ನೀಲಿ ಕ್ಲಿಪ್ಪು ನೀನು."

"ಕಾಡು ಅಂದ್ರೆ... ಅವತ್ತಿಂದೂ ಇದ್ಯಾ?"

"ಇಲ್ದೆ ಇರತ್ತಾ? ಅದೇ ದೊಡ್ಡ ಕಥೆ."

"ಸರಿಹೋಯ್ತು. ಅಪ್ಪ ಹಕ್ಕಿ ನೋಡ್ತಾ ನನ್ನ ಕೈ ಬಿಟ್ಬಿಟ್ಟ ಅಂತ ಹೇಳಿರ್ತಾಳೆ. ಪಾಪ, ಎಷ್ಟು ಹೆದರಿದ್ಲೋ. ಅದಕ್ಕೇ ಆಮೇಲೆ ಅವಳನ್ನ ಎಲ್ಲಿಗೂ ಕರ್ಕೊಂಡು ಹೋಗಿಲ್ಲ ನಾನು."

"ಮೊದ್ಲು ಕೇಳು, ಆಮೇಲೆ ಗೋಳಾಡು."

ಅಕ್ಕ ಫೋನಿನಲ್ಲಿ ವಿಡಿಯೊ ಹಾಕಿ ಹಿಡಿದಳು. ಮಗುವಿನ ದನಿ ನನಗೂ ಕೇಳಿಸಿತು.

"ಅವತ್ತು ಕಾಡಲ್ಲಿ ಅಪ್ಪ ಕಳೆದುಹೋಗ್ಬಿಟ್ಟ. ನಾನು ಬಂಡೆ ಮೇಲೆ ಕೂತು ಬಿಸ್ಕತ್ತು ತಿಂತಾ ಇದ್ದೆ. ಆಮೇಲೆ ಅಪ್ಪ ಸಿಕ್ದ. ತುಂಬಾ ಅಳ್ತಿದ್ದ. ಅರ್ಧ ಬಿಸ್ಕತ್ತು ಕೊಟ್ಟೆ, ಸುಮ್ಮನಾದ."

ತಮ್ಮ ನಗಲು ಹೋಗಿ ಕೆನ್ನೆ ಹಿಡಿದುಕೊಂಡ. ಕಣ್ಣೂ ಒರೆಸಿಕೊಂಡ.

"ಅಂದ್ರೆ, ಅವಳಿಗೆ ಭಯ ಆಗಿಲ್ವಾ?"

"ನಿನ್ನದೇ ಚಿಂತೆ ಅವಳಿಗೆ. ಮತ್ತೆ ಹೋಗೋಣ, ಆದ್ರೆ ಅಪ್ಪನ ಕೊರಳಿಗೊಂದು ಪೀಪಿ ಕಟ್ಟೋಣ, ಕಳೆದುಹೋದ್ರೆ ಊದ್ಲಿ ಅಂತಾಳೆ."

"ಈ ಭಾನುವಾರವೇ ಹೋಗೋಣ. ಒಂದಲ್ಲ, ಎರಡು ಕಟ್ಲಿ."

ಒಳಗಿನಿಂದ ಕರೆದರು. ಎದ್ದ ತಮ್ಮ ಬಾಗಿಲ ತನಕ ಹೋಗಿ, ಒಳಗಿನ ಕುರ್ಚಿ ಕಂಡು ಅಲ್ಲೇ ನಿಂತ. ಅಕ್ಕ ಅವನ ಕೈ ಹಿಡಿದುಕೊಂಡಳು.

"ನಡಿ, ನಾನೂ ಬರ್ತೀನಿ. ನೀನು ಕಳೆದುಹೋದ್ರೆ ಆ ಮಗೂಗೆ ಏನು ಉತ್ತರ ಹೇಳ್ಲಿ?"